ಬೀಗದ ಮಾವ ಮತ್ತು ಕ್ಲಬ್ಬಿನ ತಿಜೋರಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಬೇಸಿಗೆಯಲ್ಲಿ, ಒಂದು ಊರಿತ್ತು. ಆ ಊರಿಗೆ ರಾಜನಿರಲಿಲ್ಲ; ಅವನ ಬದಲು ಒಂದು ಫುಟ್‌ಬಾಲ್ ಕ್ಲಬ್ಬಿತ್ತು. ರಾಜನಿಗೆ ಕಿರೀಟವಿದ್ದ ಹಾಗೆ ಕ್ಲಬ್ಬಿಗೊಂದು ಬೆಳ್ಳಿ ಕಪ್ಪಿತ್ತು. ಕಪ್ಪು ಒಂದು ತಿಜೋರಿಯೊಳಗಿತ್ತು, ತಿಜೋರಿ ಒಂದು ಕೋಣೆಯೊಳಗಿತ್ತು, ಕೋಣೆಯ ಬಾಗಿಲಲ್ಲಿ ಒಬ್ಬ ಗುಮಾಸ್ತ ಕೂತು ತೂಕಡಿಸುತ್ತಿದ್ದ. ನಮ್ಮಜ್ಜಿಯ ಕಥೆಗಳಲ್ಲಿ ಇಂಥ ಪೆಟ್ಟಿಗೆಯನ್ನು ಕಾಯಲು ಏಳು ಹೆಡೆಯ ಸರ್ಪವಾದರೂ ಇರುತ್ತದೆ. ನಮ್ಮೂರಿಗೆ ಗುಮಾಸ್ತನೇ ಗತಿ.

ಅದೇ ಊರಿನಲ್ಲಿ ನನ್ನ ಸೋದರಮಾವನಿದ್ದ. ಕಸುಬು ಬೀಗ ರಿಪೇರಿ. ಅಂಗಡಿ ಎಷ್ಟು ಚಿಕ್ಕದೆಂದರೆ ಗಿರಾಕಿ ಒಳಗೆ ಬಂದರೆ ಮಾವ ಹೊರಗೆ ಬರಬೇಕು. ಆದರೆ ಬಾಗಿಲ ಮೇಲಿನ ಬೋರ್ಡು ಮಾತ್ರ ಅಂಗಡಿಗಿಂತ ಎರಡು ಅಡಿ ಉದ್ದ: ‘ನಾನು ತೆಗೆಯಲಾರದ ಬೀಗ ಇನ್ನೂ ತಯಾರಾಗಿಲ್ಲ.’ ಅಕ್ಷರಗಳ ಸುತ್ತ ನಮ್ಮ ತಂಡದ ಹಳದಿ ಬಣ್ಣ. ಮಾವನ ಜೀವನದಲ್ಲಿ ಇದ್ದ ಹೆಮ್ಮೆಗಳು ಎರಡೇ, ಬೀಗ ಮತ್ತು ಕ್ಲಬ್ಬು. ಅವೆರಡೂ ಒಂದು ದಿನ ಎದುರಾಬದುರು ನಿಂತು ಗುದ್ದಾಡುತ್ತವೆಂದು ಪಾಪ ಅವನಿಗೇನು ಗೊತ್ತು?

ನಮ್ಮ ತಂಡ ಆಗ ಎಂಟನೇ ಸ್ಥಾನದಲ್ಲಿತ್ತು. ಒಟ್ಟು ತಂಡಗಳೆಷ್ಟು ಎಂದು ನಮ್ಮ ಬೀದಿಯಲ್ಲಿ ಯಾರೂ ಕೇಳುವುದಿಲ್ಲ, ಕೇಳಿದರೆ ಎಂಟು ಎಂದು ಹೇಳಬೇಕಾಗುತ್ತದೆ. ಸೋತ ಪಂದ್ಯಗಳಿಗೆಲ್ಲ ಕಾರಣ ರೆಫ್ರಿ. ಗೆದ್ದ ಪಂದ್ಯ ಒಂದಿತ್ತು, ಅದಕ್ಕೆ ಕಾರಣ ನಾವು. ಗ್ಯಾಲರಿಗೆ ಛಾವಣಿ ಹಾಕಿಸುತ್ತೇವೆಂದು ಕ್ಲಬ್ಬಿನ ಅಧ್ಯಕ್ಷರು ಚಂದಾ ಎತ್ತಿದ್ದರು. ಮೂಲೆಯ ಕ್ಷೌರದಂಗಡಿಯ ಕತ್ತರಿಯಣ್ಣ, ಅಭಿಮಾನಿ ಸಂಘದ ಮುಖಂಡ, ಹೊಸ ಕುರ್ಚಿಗೆಂದು ಕೂಡಿಟ್ಟದ್ದನ್ನೆಲ್ಲ ಸುರಿದುಬಿಟ್ಟಿದ್ದ. ಅದಕ್ಕೇ ಅವನ ಅಂಗಡಿಯಲ್ಲಿ ಇವತ್ತಿಗೂ ಗಿರಾಕಿಗಳು ಎಡಕ್ಕೆ ವಾಲಿ ಕೂರುತ್ತಾರೆ, ಊರಿನ ಅರ್ಧ ಗಂಡಸರ ಕ್ರಾಪು ಬಲಕ್ಕೆ ಎತ್ತರ. ಛಾವಣಿ ಬರಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ಆಟ ನೋಡುವುದೇ ನಮ್ಮ ಸಂಪ್ರದಾಯ ಎಂದು ಕತ್ತರಿಯಣ್ಣ ಘೋಷಿಸಿದ, ಎಲ್ಲರೂ ಕೊಡೆಗೆ ಹಳದಿ ಬಳಿದರು.

ಹೀಗಿರಲು ಒಂದು ದಿನ ಕೋರ್ಟಿನ ಆದೇಶ ಹಿಡಿದು ತನಿಖಾಧಿಕಾರಿ ಬಂದರು. ಕಪ್ಪನ್ನು ಎಂದೋ ಮಾರಿಬಿಟ್ಟಿದ್ದಾರೆ, ಛಾವಣಿಯ ಹಣ ಛಾವಣಿಗೆ ಹೋಗಿಲ್ಲ ಎಂದು ದೂರಂತೆ. ಸುದ್ದಿ ಕೇಳಿದ ಕೂಡಲೇ ಕ್ಲಬ್ಬಿನ ಅಧ್ಯಕ್ಷರಿಗೆ ಎದೆನೋವು ಬಂತು. ದೂರದ ಯಾವುದೋ ಊರಿನ ಆಸ್ಪತ್ರೆಗೆ ಹೋದವರು ತಿಜೋರಿಯ ಕೀಲಿಯನ್ನೂ ಜೊತೆಗೆ ತೆಗೆದುಕೊಂಡು ಹೋದರು. ಎದೆನೋವಿಗೂ ಕೀಲಿಗೂ ಏನು ಸಂಬಂಧ ಎಂದು ನಮ್ಮತ್ತೆ ಕೇಳಿದ್ದಕ್ಕೆ ಮಾವ ಇಡೀ ದಿನ ಅವಳೊಡನೆ ಮಾತು ಬಿಟ್ಟ.

ಕ್ಷೌರದಂಗಡಿಯಲ್ಲಿ ತುರ್ತು ಸಭೆ ಸೇರಿತು. ಮಾವನೂ ಹೋಗಿದ್ದ.

“ಎಂಟನೇ ಸ್ಥಾನದಲ್ಲಿರೋ ತಂಡದ ಮೇಲೆ ತನಿಖೆ!” ಕತ್ತರಿಯಣ್ಣ ಒಬ್ಬರ ಗಡ್ಡವನ್ನು ಅರ್ಧಕ್ಕೇ ಬಿಟ್ಟು ತಿರುಗಿದ. “ಅಂದ್ರೆ ನಮ್ಮನ್ನ ಕಂಡ್ರೆ ಎಷ್ಟು ಭಯ ಇರ್ಬೇಕು ನೋಡ್ರಿ!”

ಅರ್ಧ ಗಡ್ಡದವರು ನಿವೃತ್ತ ಗಣಿತದ ಮೇಷ್ಟ್ರು. “ಏಳನೇ ಸ್ಥಾನದವರ ಪಿತೂರಿ,” ಎಂದರು. “ನಾವು ಮೇಲೆ ಬಂದ್ರೆ ಮೊದಲು ಕೆಳಗೆ ಹೋಗೋರು ಅವರೇ ಅಲ್ವಾ? ಸರಳ ಲೆಕ್ಕ.”

ಇಷ್ಟರಲ್ಲಿ ಅಂಗಡಿಯ ಮುಂದೆ ಒಂದು ಜೀಪು ನಿಂತಿತು. ಅಧಿಕಾರಿ ಇಳಿದರು. ಕನ್ನಡಕ ಹಾಕಿದ, ಮೆಲ್ಲನೆ ಮಾತಾಡುವ ಹೆಂಗಸು. ಎದುರಿಗಿದ್ದ ಮಾವನ ಅಂಗಡಿಯ ಬೋರ್ಡನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓದಿದರು. “ಇದು ನಿಜವೇ?” ಎಂದು ಮಾವನನ್ನು ಕೇಳಿದರು.

ಬೀದಿಯ ಜನರೆಲ್ಲ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ‘ಬೋರ್ಡಿನವನು ಏನೋ ಬರೆದುಬಿಟ್ಟ’ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ.

“ಸುಳ್ಳು ಬರೆಸೋ ವಂಶ ನಮ್ಮದಲ್ಲ ಮೇಡಂ,” ಎಂದ ಮಾವ, ಎದೆಯುಬ್ಬಿಸಿ.

“ಹಾಗಾದ್ರೆ ಕ್ಲಬ್ಬಿನ ತಿಜೋರಿ ತೆಗೆದುಕೊಡಿ.”

“ತೆಗೀತೀನಿ! ಅದೇನ್ ಮಹಾ!” ಎಂದ ಮಾವ. ಆಮೇಲೆ ಯಾವ ತಿಜೋರಿ ಎಂಬುದು ತಲೆಗೆ ಹೋಯಿತು. ಉಬ್ಬಿದ್ದ ಎದೆ ಸೂಜಿ ಚುಚ್ಚಿದ ಚೆಂಡಿನಂತೆ ನಿಧಾನವಾಗಿ ಇಳಿಯಿತು. ಜೀಪು ಅತ್ತ ಹೋದದ್ದೇ ತಡ, ಕತ್ತರಿಯಣ್ಣ ನೊರೆ ಮೆತ್ತಿದ ಬ್ರಷ್ಷನ್ನೇ ಮಾವನ ಎದೆಗೆ ಹಿಡಿದ.

“ತೆಗೆದೆಯೋ, ಈ ಜನ್ಮದಲ್ಲಿ ನಿನ್ನ ತಲೆಗೆ ನನ್ನ ಕತ್ತರಿ ತಾಕಲ್ಲ.”

“ಮಾತು ಕೊಟ್ಟುಬಿಟ್ನಲ್ಲೋ ಕತ್ತರಿ.”

“ಮಾತು ಕೊಡು, ಹೋಗು, ಬಗ್ಗು, ತಿರುಚು, ಬೆವರು ಸುರಿಸು. ಆದ್ರೆ ತೆಗೀಬೇಡ! ಬರಲ್ಲ ಅಂತ ನಟನೆ ಮಾಡು.”

ಹೀಗೆ ನನ್ನ ಮಾವ ನಟನಾದ.

ಕ್ಲಬ್ಬಿನ ಆಫೀಸು ನೆಲಮಹಡಿ. ಕಿಟಕಿಗೆ ಪರದೆಯಿಲ್ಲ, ಹೊರಗೆ ಹಳದಿ ಅಂಗಿಗಳ ಜಾತ್ರೆ. ಮೂಲೆಯಲ್ಲಿ ಆಳೆತ್ತರದ ಕಬ್ಬಿಣದ ತಿಜೋರಿ, ಮಧ್ಯದಲ್ಲೊಂದು ಬೀಗದ ಕಣ್ಣು, ಪಕ್ಕದಲ್ಲಿ ಹಿತ್ತಾಳೆಯ ಹಿಡಿ. ಹಿಡಿಯನ್ನು ಅಧಿಕಾರಿಯ ಸಿಬ್ಬಂದಿ ಮೊದಲೇ ಕೆಳಕ್ಕೆ ಎಳೆದೆಳೆದು ಕೈ ಕೆಂಪು ಮಾಡಿಕೊಂಡಿದ್ದರು. ಮಾವ ಚೀಲ ಬಿಚ್ಚಿ, ಮಂಡಿಯೂರಿ, ಬೀಗದ ಕಣ್ಣಿಗೆ ತಂತಿ ತೂರಿಸಿದ. ಸುಮ್ಮನೆ ಆಡಿಸಬೇಕೆಂದೇ ಅವನ ಲೆಕ್ಕ. ಆದರೆ ವರ್ಷಗಟ್ಟಲೆ ಪಳಗಿದ ಬೆರಳುಗಳಿಗೆ ಯಾವ ಸಂಘದ ಆದೇಶ ತಲುಪುತ್ತದೆ? ಒಳಗೆಲ್ಲೋ ‘ಟಕ್’ ಎಂದಿತು.

ಮಾವ ತಂತಿಯನ್ನು ಸರಕ್ಕನೆ ಹೊರಗೆಳೆದುಕೊಂಡ. ಅಯ್ಯಯ್ಯೋ, ತೆಗೆದೇಬಿಟ್ಟೆ!

“ಏನಾಯ್ತು?” ಎಂದರು ಅಧಿಕಾರಿ.

“ಏನಿಲ್ಲ ಮೇಡಂ. ಇದು... ಇದು ಆಗೋ ಕೆಲಸ ಅಲ್ಲ.”

ಅಧಿಕಾರಿ ಮುಂದೆ ಬಂದು ತಾವೇ ಹಿಡಿಯನ್ನು ಕೆಳಕ್ಕೆ ಎಳೆದರು. ಮಾವ ಕಣ್ಣು ಮುಚ್ಚಿಕೊಂಡ. ಕಿಟಕಿಯಾಚೆ ಊರೇ ಉಸಿರು ಹಿಡಿಯಿತು.

ಬಾಗಿಲು ಬರಲಿಲ್ಲ.

ಹೊರಗೆ ಹರ್ಷೋದ್ಗಾರ. ಒಳಗೆ ಮಾವ ಮೆಲ್ಲನೆ ಒಂದು ಕಣ್ಣು ತೆರೆದ, ಆಮೇಲೆ ಇನ್ನೊಂದು. ಟಕ್ ಎಂದದ್ದು ಅವನ ಕಿವಿಗೆ ಕೇಳಿತ್ತು. ಟಕ್ ಎಂದ ಮೇಲೆ ಬಾಗಿಲು ಬಾರದ ಬೀಗವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮತ್ತೆ ತಂತಿ ಹಾಕಿದ, ಈ ಸಲ ನಿಜವಾಗಿ. ಟಕ್. ಎಳೆದ. ಬರಲಿಲ್ಲ. ಟಕ್. ಎಳೆದ. ಇಲ್ಲ. ಬೆವರು ಹನಿಹನಿಯಾಗಿ ಕಬ್ಬಿಣದ ಮೇಲೆ ಬಿತ್ತು.

“ನೋಡ್ರೋ, ಬೆವರು ಕೂಡ ಬರಿಸ್ತಾ ಇದ್ದಾನೆ!” ಎಂದು ಕತ್ತರಿಯಣ್ಣ ಗದ್ಗದಿತನಾದ. “ನಾಟಕ ಕಂಪನೀಲಿರಬೇಕಾದ ಮನುಷ್ಯ ಕಣ್ರೋ!”

ಆ ಸಂಜೆ ಮಾವನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದರು. ಅತ್ತೆ ಬಾಗಿಲಲ್ಲಿ ನಿಂತು, ಇಳಿಸಿದ ಸರಕನ್ನು ನೋಡುವಂತೆ ನೋಡಿದಳು.

“ಗೆದ್ದಿರಾ?”

“ಇಲ್ಲ ಕಣೇ. ಬರ್ಲಿಲ್ಲ.”

“ಅದೇ, ಬರಲ್ಲ ಅಂತ ನಟನೆ ಮಾಡಿದ್ರಂತಲ್ಲ.”

“ನಟನೆ ಅಲ್ವೇ! ನಿಜವಾಗ್ಲೂ ಬರ್ಲಿಲ್ಲ!” ಮಾವ ಗೋಡೆಗೊರಗಿ ಕುಸಿದ. “ನನ್ನ ಕೈ ಹೋಯ್ತು ಕಣೇ. ಕಲೆ ಕೈಬಿಟ್ಟು ಹೋಯ್ತು.”

ಅತ್ತೆ ಉಪ್ಪಿನ ಜಾಡಿ ತಂದು ಮುಂದಿಟ್ಟಳು. “ಇದರ ಮುಚ್ಚಳ ತೆಗೀರಿ ನೋಡೋಣ.” ಮಾವ ತಿರುಗಿಸಿದ. ಮುಚ್ಚಳ ಬಿಗಿಯಾಗಿತ್ತು, ಬರಲಿಲ್ಲ. ಅವನು ಚಿಕ್ಕ ಮಗುವಿನಂತೆ ಬಿಕ್ಕಿದ. ನಮ್ಮಜ್ಜಿ, ಅಂದರೆ ಅವನ ತಾಯಿ, ಮೂಲೆಯಿಂದ “ಅದು ಮಳೆಗಾಲದಿಂದ ಹಾಗೇ ಇದೆ, ಅದಕ್ಯಾಕೋ ಅಳ್ತೀಯ,” ಎಂದಳು. ಆದರೆ ಮುರಿದ ಮನಸ್ಸಿಗೆ ಜಾಡಿಯೂ ಒಂದು ಸಾಕ್ಷಿಯೇ.

ಮರುದಿನ ಮಧ್ಯಾಹ್ನ ಬೀದಿಯೆಲ್ಲ ಖಾಲಿ. ಎಲ್ಲರೂ ಕ್ಲಬ್ಬಿನ ಮುಂದೆ ‘ತನಿಖೆಯ ಮೇಲೆ ತನಿಖೆಯಾಗಲಿ’ ಎಂದು ಕೂಗಲು ಹೋಗಿದ್ದರು. ಮಾವ ಒಬ್ಬನೇ ಅಂಗಡಿಯಲ್ಲಿ ಕೂತು ತನ್ನ ಹತ್ತು ಬೆರಳುಗಳನ್ನು ದಿಟ್ಟಿಸುತ್ತಿದ್ದ. ಊಟ ತಂದಿದ್ದ ನನಗೆ ಅವನ ಕಣ್ಣಲ್ಲಿ ಏನೋ ಹೊಳೆದದ್ದು ಕಂಡಿತು. ಎದ್ದ. ಎದುರಿನ ಬೇಕರಿಯ ಬೀಗಕ್ಕೆ ತಂತಿ ಹಾಕಿದ. ಟಕ್, ಬೀಗ ಕೈಗೆ ಬಂತು.

“ಬಂತು!” ಎಂದ, ನಂಬಲಾರದೆ.

ಪಕ್ಕದ ಮನೆ, ಟಕ್. ಅದರಾಚೆಯ ದರ್ಜಿಯ ಮನೆ, ಟಕ್. ಮೇಷ್ಟ್ರ ಮನೆಯ ಮೂರು ಬೀಗ, ಟಕ್ ಟಕ್ ಟಕ್. ನಾನು ಊಟದ ಡಬ್ಬಿ ಹಿಡಿದು ಹಿಂದೆ ಓಡಿದೆ. “ಮಾವ, ಮುಚ್ಚು! ತೆಗೆದದ್ದನ್ನ ಮುಚ್ಚು!” ಅವನಿಗೆ ಕೇಳಿಸಿದರೆ ತಾನೇ? ಶಾಪ ಕಳೆದ ರಾಜಕುಮಾರನಿಗೆ ಒಮ್ಮೆಲೇ ರೆಕ್ಕೆ ಮೂಡಿದರೆ ಅವನು ಇಳಿಯುವ ಜಾಗ ನೋಡಿ ಹಾರುತ್ತಾನೆಯೇ? ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಬಾಗಿಲನ್ನೂ ಬಿಡದೆ ತೆಗೆದು, ಕೊನೆಯ ಮನೆಯ ಮೆಟ್ಟಿಲಲ್ಲಿ ಕೂತು, ಕಣ್ಣೊರೆಸಿಕೊಂಡು, ನನ್ನ ಕೈಯಿಂದ ಡಬ್ಬಿ ಕಸಿದು ಗಬಗಬ ಊಟ ಮಾಡಿದ.

ಕೂಗಿ ಕೂಗಿ ಗಂಟಲು ಕಟ್ಟಿದ ಜನ ಮರಳಿ ಬಂದರು. ಬೀದಿಯ ಬಾಯಲ್ಲೇ ನಿಂತುಬಿಟ್ಟರು. ಸಾಲಿಗೆ ಸಾಲೇ ಬಾಗಿಲುಗಳು ಹಾರುಹೊಡೆದುಕೊಂಡು ಗಾಳಿಗೆ ಅಲ್ಲಾಡುತ್ತಿದ್ದವು.

“ನಮ್ಮನೇಲಿ ಯಾರೋ ಹೊಕ್ಕಿದ್ದಾರೆ!” ಬೇಕರಿಯಮ್ಮ ಚೀರಿದಳು. ಒಳಗೆ ಓಡಿದಳು, ಹೊರಗೆ ಓಡಿಬಂದಳು. “ಏನೂ ಹೋಗಿಲ್ಲ!” ಎಂದು ಇನ್ನೂ ಜೋರಾಗಿ ಚೀರಿದಳು.

“ನಮ್ಮನೇಲೂ ಏನೂ ಹೋಗಿಲ್ಲ!” ದರ್ಜಿ ತಲೆಯ ಮೇಲೆ ಕೈಯಿಟ್ಟುಕೊಂಡ.

ಏನಾದರೂ ಹೋಗಿದ್ದರೆ ಅದಕ್ಕೆ ಕಳ್ಳತನ ಎಂಬ ಹೆಸರಾದರೂ ಇತ್ತು. ಏನೂ ಹೋಗದ ಈ ಘೋರಕ್ಕೆ ಏನನ್ನುವುದು? ಹೆಸರಿಟ್ಟವನು ಕತ್ತರಿಯಣ್ಣ. ಕುರ್ಚಿಯ ಮೇಲೆ ಹತ್ತಿ ನಿಂತ. ಕುರ್ಚಿ ಎಡಕ್ಕೆ ವಾಲಿತು. ವಾಲಿಕೊಂಡೇ ಗುಡುಗಿದ.

“ಶೋಧ! ನಾವು ಕ್ಲಬ್ಬಿನ ಮುಂದೆ ನಿಂತಿರೋ ಹೊತ್ತು ನೋಡಿ ನಮ್ಮ ಮನೆಗಳನ್ನೇ ಶೋಧಿಸಿದ್ದಾರೆ! ಕಳ್ಳರಾದ್ರೆ ಸಾಮಾನು ಒಯ್ತಾರೆ. ಏನೂ ಒಯ್ದಿಲ್ಲ ಅಂದ್ರೆ ಸರ್ಕಾರಿ ಜನವೇ!”

“ನನ್ನ ಸಕ್ಕರೆ ಡಬ್ಬಿ ಜರುಗಿದೆ,” ಎಂದಳು ಬೇಕರಿಯಮ್ಮ.

“ನನ್ನ ಬೆಕ್ಕು ಮುಂಚಿನ ಥರ ನೋಡ್ತಾ ಇಲ್ಲ. ಏನೋ ವಿಚಾರಣೆ ಮಾಡಿದ್ದಾರೆ,” ಎಂದರು ಮೇಷ್ಟ್ರು.

ನಾನು ಮಾವನ ಕಡೆ ನೋಡಿದೆ. ಮಾವ ಆಕಾಶದ ಕಡೆ ನೋಡಿದ.

ಮೆರವಣಿಗೆ ಹಾಗೇ ಕ್ಲಬ್ಬಿಗೆ ತಿರುಗಿತು. ಅಧಿಕಾರಿ ಚಹಾ ಕುಡಿಯುತ್ತಿದ್ದರು. ಆರೋಪವನ್ನು ಪೂರ್ತಿ ಕೇಳಿದ ಮೇಲೆ ಅವರ ಕೈಯಲ್ಲಿದ್ದ ಲೋಟ ಗಾಳಿಯಲ್ಲೇ ನಿಂತುಬಿಟ್ಟಿತು.

“ನಾವಾ? ಇಡೀ ಬೀದಿಯನ್ನಾ? ಅಲ್ರೀ, ನನ್ನ ಹತ್ತಿರ ಒಂದು ತಿಜೋರಿ ತೆಗೆಯೋಕೆ ಜನ ಇಲ್ಲ. ಇಡೀ ಬೀದಿ ತೆಗೆಯೋರನ್ನ ಎಲ್ಲಿಂದ ತರಲಿ?”

ಹೀಗೆಂದವರಿಗೆ ಇದ್ದಕ್ಕಿದ್ದಂತೆ ಏನೋ ಹೊಳೆಯಿತು. ಕನ್ನಡಕ ಮೇಲೇರಿಸಿ, ಗುಂಪಿನ ಹಿಂದೆ ಅಡಗಲು ನೋಡುತ್ತಿದ್ದ ಮಾವನನ್ನು ಬೆರಳು ಮಾಡಿ ಒಳಗೆ ಕರೆದರು. ನಾನೂ ಡಬ್ಬಿ ಹಿಡಿದು ಜೊತೆಗೆ ನುಗ್ಗಿದೆ.

“ಇಡೀ ಬೀದಿಯ ಬೀಗ ತೆಗೆದೋರಿಗೆ ಇದೊಂದು ಬರಲ್ವಾ?”

“ಬರ್ತಿಲ್ಲ ಮೇಡಂ. ನಿಮ್ಮಾಣೆ ಬರ್ತಿಲ್ಲ.”

“ನನ್ನಾಣೆ ಬೇಡ. ನಾಳೆ ಬೆಳಿಗ್ಗೆ ಬನ್ನಿ. ತೆಗೆದ್ರೆ ಸರಿ. ಇಲ್ಲದಿದ್ರೆ ಬೇಕಂತಲೇ ತನಿಖೆಗೆ ಅಡ್ಡಿ ಮಾಡಿದ್ದು ಅಂತ ಕೇಸು. ಬೀಗದ ಕಸುಬಿನ ಲೈಸೆನ್ಸು ರದ್ದು, ಅಂಗಡಿಗೆ ಮೊಹರು.”

ಹೊರಗೆ ಬಂದ ಮಾವ ಕತ್ತರಿಯಣ್ಣನನ್ನು ಗೋಡೆಯ ಮರೆಗೆ ಎಳೆದೊಯ್ದ. “ಅಂಗಡಿ ಹೋಗುತ್ತೆ ಕಣೋ. ನಿನ್ನ ಕಾಲಿಗೆ ಬೀಳ್ತೀನಿ, ಒಂದು ಮಾತು ನಂಬು. ನನಗೆ ಅದನ್ನ ನಿಜವಾಗ್ಲೂ ತೆಗೆಯೋಕೆ ಬರ್ತಿಲ್ಲ.”

ಕತ್ತರಿಯಣ್ಣನ ಕಣ್ಣು ತುಂಬಿ ಬಂತು. ಮಾವನನ್ನು ಬಾಚಿ ತಬ್ಬಿಕೊಂಡ. “ನನ್ನ ಹತ್ರಾನೂ ನಟನೆ! ಅಂಗಡಿ ಹೋದ್ರೂ ಬಿಡಲ್ಲ ಅಂತೀಯ! ಜೈಲಿಗೆ ಹೋಗು ಧೈರ್ಯವಾಗಿ, ಇಡೀ ಊರು ನಿನ್ನ ಹಿಂದಿದೆ.”

ಮನೆಯಲ್ಲಿ ಇದನ್ನು ಕೇಳಿ ಅತ್ತೆ, “ಊರು ಹಿಂದೇನೇ ಇರುತ್ತೆ. ಒಳಗೆ ಹೋಗೋರು ನೀವೊಬ್ಬರೇ,” ಎಂದಳು. ಆಮೇಲೆ ದನಿ ತಗ್ಗಿತು. “ಅಂಗಡಿ ಬಿಟ್ರೆ ನಮಗೇನಿದೆ ಹೇಳಿ.”

ಅಜ್ಜಿಯೇ ಕೊನೆಗೆ ಬಾಯಿಬಿಟ್ಟಳು. “ಕಥೇಲಿ ರಾಜಕುಮಾರ ಗುಹೆ ಬಾಗಿಲಿಗೆ ತಲೆ ಚಚ್ಚಿಕೊಳ್ಳೋಕೆ ಮುಂಚೆ, ಅಲ್ಲೇ ಕೂತಿರೋರನ್ನ ಒಂದು ಮಾತು ಕೇಳ್ತಾನೆ. ನಿಮ್ಮಲ್ಲಿ ಯಾರಾದ್ರೂ ಯಾರನ್ನಾದ್ರೂ ಏನಾದ್ರೂ ಕೇಳಿದ್ರಾ? ಎಲ್ಲ ಬರೀ ಕೂಗ್ತಾನೇ ಇದೀರಿ.”

ಅತ್ತೆ ಅಜ್ಜಿಯ ಮುಖ ನೋಡಿದಳು. ಆಮೇಲೆ ಪಾತ್ರೆ ತೊಳೆಯಲು ಎದ್ದಳು.

ಬೆಳಿಗ್ಗೆ ಕ್ಲಬ್ಬಿನ ಕಿಟಕಿಯಲ್ಲಿ ಇರುವೆ ನುಸುಳಲು ಜಾಗವಿರಲಿಲ್ಲ. ಹಳದಿ ಕೊಡೆಗಳು ಬಿಸಿಲಿಗೆ ಬಿಚ್ಚಿದ್ದವು. ಮಾವ ಮಂಡಿಯೂರಿದ. ಟಕ್, ಎಳೆದ. ಟಕ್, ಎಳೆದ. ಜನ ಲಯ ಹಿಡಿದು ಚಪ್ಪಾಳೆ ತಟ್ಟತೊಡಗಿದರು. ಮಾವ ತಿಜೋರಿಗೆ ಹಣೆ ಹಚ್ಚಿ “ಬಾರಮ್ಮ, ತಾಯಿ, ಬಾರೇ,” ಎಂದು ಬೇಡಿದ. “ಆಹಾ!” ಎಂದಿತು ಕಿಟಕಿ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಆಗ ಅತ್ತೆ ನುಗ್ಗಿದಳು. ಮಾವನನ್ನಾಗಲಿ ಅಧಿಕಾರಿಯನ್ನಾಗಲಿ ನೋಡದೆ ನೇರ ಹೋಗಿ ಬಾಗಿಲಲ್ಲಿ ತೂಕಡಿಸುತ್ತಿದ್ದ ಗುಮಾಸ್ತನ ಭುಜ ಅಲುಗಿಸಿದಳು.

“ಅಲ್ಲಪ್ಪ, ಇಷ್ಟು ವರ್ಷ ಇದೇ ಕೋಣೇಲಿದೀಯ. ಈ ತಿಜೋರೀನ ನೀವೆಲ್ಲ ಹೇಗೆ ತೆಗೀತಿದ್ರಿ?”

ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಹೇಗೂ ಸುಳ್ಳು ಹೇಳುತ್ತಾನೆಂದು ಅಧಿಕಾರಿ ಕೇಳಿರಲಿಲ್ಲ. ಕೇಳಿದರೆ ಅನುಮಾನಪಟ್ಟಂತಾಗುತ್ತದೆಂದು ಅಭಿಮಾನಿಗಳು ಕೇಳಿರಲಿಲ್ಲ. ಬೀಗದ ಬಗ್ಗೆ ಇನ್ನೊಬ್ಬನನ್ನು ಕೇಳುವುದೇ ಎಂದು ಮಾವ ಕೇಳಿರಲಿಲ್ಲ.

ಗುಮಾಸ್ತ ಕಣ್ಣುಜ್ಜಿದ. “ಹಿಡೀನ ಮೇಲಕ್ಕೆತ್ತಬೇಕಮ್ಮ. ಎಲ್ಲ ಕೆಳಕ್ಕೇ ಎಳೀತಾರೆ. ಮೇಲಕ್ಕೆತ್ತಿ ಮೊಣಕಾಲಲ್ಲಿ ಒಂದು ಗುದ್ದು.”

“ಮತ್ತೆ ಬೀಗ?” ಎಂದರು ಅಧಿಕಾರಿ. ಅವರ ದನಿ ಮೊದಲ ಸಲ ಏರಿತ್ತು.

“ಅದಕ್ಕೆ ಬೀಗ ಎಲ್ಲಿ ಹಾಕ್ತೀವಿ ಮೇಡಂ. ಬೀಗ ಹಾಕೋಕೆ ಒಳಗೆ ಏನಿದೆ?”

ಕಿಟಕಿಯಾಚೆ ಬಿರುಗಾಳಿ ಎದ್ದಿತು. “ದ್ರೋಹಿ!” “ಮಾರಿಕೊಂಡಿದ್ದಾನೆ!” “ಏಳನೇ ಸ್ಥಾನದವರ ಏಜೆಂಟು!” ಬೆದರಿದ ಗುಮಾಸ್ತ ಓಡಿ ಹೋಗಿ ಹಿಡಿ ಮೇಲೆತ್ತಿದ, ಮೊಣಕಾಲಲ್ಲಿ ಗುದ್ದಿದ. ಬಾಗಿಲು ಬರಲಿಲ್ಲ. ಮತ್ತೆ ಗುದ್ದಿದ. ಮೊಣಕಾಲು ಹಿಡಿದುಕೊಂಡು ಕುಂಟಿದ. ಜನ ಕುಣಿಯಿತು.

ಮಾವ ಮಾತ್ರ ಕೂತಲ್ಲೇ ಕಲ್ಲಾಗಿದ್ದ. ಅವನ ಮುಖದಲ್ಲಿ ಏನೋ ನಿಧಾನವಾಗಿ ಬೆಳಗಾಗುತ್ತಿತ್ತು. ಅಂದರೆ ಮೊದಲ ದಿನ ಇದರ ಬೀಗ ತೆರೆದೇ ಇತ್ತು. ಆ ಮೊದಲ ಟಕ್ಕಿನಲ್ಲಿ ಬೀಗ ಹಾಕಿದವನೇ ತಾನು. ಆಮೇಲೆ ಟಕ್ ಎಂದು ತೆಗೆದ, ಟಕ್ ಎಂದು ಹಾಕಿದ, ತೆಗೆದ, ಹಾಕಿದ. ಹಿಡಿಯನ್ನು ಮಾತ್ರ ಪ್ರತಿ ಸಲವೂ ಕೆಳಕ್ಕೇ ಎಳೆದ. ಕೈ ಎಲ್ಲಿಗೂ ಹೋಗಿರಲಿಲ್ಲ. ಈಗ ಕೊನೆಯ ಸಲ ಬಿಟ್ಟದ್ದು ಹಾಕಿದ ಸ್ಥಿತಿಯಲ್ಲಿ.

ಅವನು ತಲೆಯೆತ್ತಿ ಕಿಟಕಿಯತ್ತ ನೋಡಿದ. ಕತ್ತರಿಯಣ್ಣ ಗಾಜಿಗೆ ಮುಖವೊತ್ತಿ ಬೇಡವೆಂದು ತಲೆಯಾಡಿಸುತ್ತಿದ್ದ. ಅತ್ತೆಯತ್ತ ನೋಡಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಆಮೇಲೆ ತಂತಿ ತೂರಿಸಿದ.

ಟಕ್.

ಹಿಡಿ ಮೇಲೆತ್ತಿದ. ಮೊಣಕಾಲಲ್ಲಿ ಒಂದೇ ಒಂದು ಗುದ್ದು. ಬಾಗಿಲು ನರಳುತ್ತ ಪೂರ್ತಿ ತೆರೆದುಕೊಂಡು ಗೋಡೆಗೆ ಬಡಿಯಿತು.

ಮೇಲಿನ ಅರೆಯಲ್ಲಿ ಅಧ್ಯಕ್ಷರ ಹಳೆಯ ಬೂಟುಗಳು ಒಂದು ಜೊತೆ. ಕೆಳಗಿನ ಅರೆಯಲ್ಲಿ ಕಪ್ಪು. ಅಂದರೆ, ಕಪ್ಪಿನ ಫೋಟೋ. ಒಳ್ಳೆಯ ಚೌಕಟ್ಟು ಹಾಕಿಸಿದ್ದರು. ಅಧ್ಯಕ್ಷರು ಕಪ್ಪನ್ನು ಎತ್ತಿ ಹಿಡಿದು ನಗುತ್ತಿದ್ದರು.

“ಫೋಟೋ ಚೆನ್ನಾಗಿ ಬಂದಿದೆ,” ಎಂದ ಗುಮಾಸ್ತ, ಏನಾದರೂ ಹೇಳಬೇಕಲ್ಲ ಎಂದು.

ಕಿಟಕಿಯಲ್ಲಿ ಅಷ್ಟು ಬಾಯಿಗಳಿದ್ದವು, ಎಲ್ಲವೂ ತೆರೆದೇ ಇದ್ದವು, ಒಂದರಿಂದಲೂ ಸದ್ದಿಲ್ಲ. ಬೇಕರಿಯಮ್ಮನ ಕೊಡೆ ತಾನಾಗಿ ಮಡಚಿಕೊಂಡು ಅವಳ ತಲೆಯ ಮೇಲೆ ಕೂತಿತು, ಅವಳಿಗೆ ತಿಳಿಯಲಿಲ್ಲ. ಮೇಷ್ಟ್ರು ಕೆಮ್ಮಿದರು. “ಫೋಟೋ ಇದೆ ಅಂದ್ಮೇಲೆ... ಕಪ್ಪು ಎಲ್ಲೋ ಸುರಕ್ಷಿತವಾಗಿದೆ ಅಂತಲೇ ಅರ್ಥ. ಅಲ್ವಾ? ಇವರ ಕೈಗೆ ಸಿಗಬಾರದು ಅಂತ ನಮ್ಮ ಅಧ್ಯಕ್ಷರು ಮುಂದಾಲೋಚನೆಯಿಂದ...” ವಾಕ್ಯ ಮುಗಿಸಲು ಯಾರಾದರೂ ಕೈಜೋಡಿಸುತ್ತಾರೇನೋ ಎಂದು ಸುತ್ತ ನೋಡಿದರು. ಒಬ್ಬಿಬ್ಬರು ತಲೆಯಾಡಿಸಿದರು. ಎಲ್ಲರೂ ತಮ್ಮ ಮುಖಂಡನತ್ತ ತಿರುಗಿದರು. ಅವನು ಹೂಂ ಎಂದರೆ ಸಾಕಿತ್ತು, ಎಲ್ಲರೂ ನಂಬಿಬಿಡುತ್ತಿದ್ದರು.

ಕತ್ತರಿಯಣ್ಣ ಗಾಜಿನಿಂದ ಮುಖ ಕಿತ್ತ. ಸುತ್ತು ಬಳಸಿ ಬಾಗಿಲಿನಿಂದ ಒಳಗೆ ಬಂದ. ಯಾರೂ ತಡೆಯಲಿಲ್ಲ. ತಿಜೋರಿಯ ಮುಂದೆ ನಿಂತು ಫೋಟೋವನ್ನು ನೋಡಿದ, ಬೂಟುಗಳನ್ನು ನೋಡಿದ, ಮತ್ತೆ ಫೋಟೋವನ್ನು ನೋಡಿದ. ಊರಿಗೇ ಕೇಳುವಂತೆ ಕೂಗುವ ಮನುಷ್ಯನ ಬಾಯಿಂದ ಪಿಸುಮಾತು ಹೊರಟಿತು.

“ಮುಚ್ಚಿಬಿಡೋ. ಇನ್ನೂ ಹಿಂದೆ ನಿಂತೋರು ನೋಡಿಲ್ಲ. ಮುಚ್ಚಿಬಿಡು.”

ಮಾವ ತಂತಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡ. ಚೀಲ ಹೆಗಲಿಗೇರಿಸಿ ಎದ್ದ.

“ನಾನು ಒಪ್ಕೊಂಡಿದ್ದು ತೆಗೆಯೋ ಕೆಲಸ ಕಣೋ,” ಎಂದ.